ಕೊನೆಯ ಹೊಲದ ತನಕ ಹೋಗಿಬಂದ ಭಾನುವಾರಗಳು

ಕಂಪ್ಲಿಯ ನಮ್ಮ ಓಣಿಯಲ್ಲಿ ನಡೆಯುವುದಕ್ಕಾಗಿಯೇ ನಡೆಯುತ್ತಿದ್ದವರು ನಾವು ಮಾತ್ರ. ಉಳಿದವರು ಹೊಲಕ್ಕೆ ನಡೆಯುತ್ತಿದ್ದರು, ಅಕ್ಕಿ ಗಿರಣಿಗೆ ನಡೆಯುತ್ತಿದ್ದರು, ಬಸ್ಸು ತಪ್ಪಿದರೆ ಎಮ್ಮಿಗನೂರಿನ ತನಕವೂ ನಡೆಯುತ್ತಿದ್ದರು. ನಾವು ಭಾನುವಾರ ಬಿಸಿಲು ಸ್ವಲ್ಪ ಇಳಿದ ಮೇಲೆ ಒಳ್ಳೆಯ ಬಟ್ಟೆ ಹಾಕಿಕೊಂಡು ಕಾಲುವೆ ಏರಿಯ ಮೇಲೆ ಹೊರಡುತ್ತಿದ್ದೆವು. ಮುಂದೆ ಅಪ್ಪ, ಅವರ ಹೆಗಲ ಮೇಲೆ ತಂಗಿ, ಹಿಂದೆ ನಾನು, ನನ್ನ ಹಿಂದೆ ಅವ್ವ. ಏರಿ ಒಂದಾಳೆತ್ತರವೂ ಇರಲಿಲ್ಲ. ಆದರೆ ಆ ಸಪಾಟು ನೆಲದಲ್ಲಿ ಅಷ್ಟು ಎತ್ತರ ಸಾಕಾಗಿತ್ತು. ನಾಲ್ಕೂರಿನ ಗದ್ದೆಗಳು ಕಾಣುತ್ತಿದ್ದವು. ಬಸಿನೀರು ನಿಂತ ತಗ್ಗುಗಳಲ್ಲಿ ಜೊಂಡು ಬೆಳೆದಿತ್ತು. ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿರುತ್ತಿದ್ದವು. ತಂಗಿ ಏಡಿ ಕಂಡಾಗಲೆಲ್ಲ ಕೆಳಗಿಳಿಸಿರೆಂದು ಹಟ ಮಾಡುತ್ತಿದ್ದಳು, ಇಳಿಸಿದರೆ ಹೆದರಿ ಮತ್ತೆ ಹೆಗಲೇರುತ್ತಿದ್ದಳು.

ನನ್ನ ಆರನೇ ತರಗತಿಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಈ ಭಾನುವಾರಗಳು ಇವೆ. ಎಷ್ಟು ಬೆಳ್ಳಕ್ಕಿ, ಎಷ್ಟು ಮಿಂಚುಳ್ಳಿ ಎಂದು ಬರೆದಿಟ್ಟಿದ್ದೇನೆ. ಜನರ ಬಗ್ಗೆ ಒಂದು ಸಾಲೂ ಇಲ್ಲ. ಆದ್ದರಿಂದ ಇಲ್ಲಿ ಜನರ ಬಗ್ಗೆ ಬರೆಯುವುದೆಲ್ಲ ನೆನಪಿನದು, ಮತ್ತು ನನ್ನ ನೆನಪು ಧಾರವಾಡದಲ್ಲಿ ಎಂ.ಎ. ಓದಿದ ಮೇಲೆ ಸಾಕಷ್ಟು ತಿದ್ದಿಕೊಂಡಿದೆ ಎಂಬ ಅನುಮಾನ ನನಗಿದೆ.

ಅಪ್ಪ ಕಾಲುವೆ ಇಲಾಖೆಯಲ್ಲಿ ಕೆಳಹಂತದ ನೌಕರ. ಒಂದು ಉಪಕಾಲುವೆಯ ನೀರು ಮೊದಲ ತೂಬಿನಿಂದ ಕೊನೆಯ ತೂಬಿನ ತನಕ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡುವುದು ಅವರ ಕೆಲಸ. ಸರಿಯಾಗಿ ಹೋಗುತ್ತಿರಲಿಲ್ಲ. ಮೇಲಿನ ತೂಬುಗಳ ಕೆಳಗೆ ಜಮೀನಿದ್ದ ದೊಡ್ಡ ಕುಳಗಳು ಭತ್ತಕ್ಕೂ ಕಬ್ಬಿಗೂ ಬೇಕಾದಷ್ಟು ನೀರು ಬಿಟ್ಟುಕೊಳ್ಳುತ್ತಿದ್ದರು. ಕೊನೆಯ ತೂಬಿಗೆ ಉಳಿಯುತ್ತಿದ್ದುದು ತಳದ ಕೆಸರು. ಆದರೂ ವಾರಕ್ಕೊಮ್ಮೆ ಅಪ್ಪ ಆ ತೂಬಿನ ತನಕ ಹೋಗಿ ನೀರಿನ ಮಟ್ಟ ತೋರಿಸುವ ಅಳತೆ ಕಲ್ಲು ನೋಡಿ ಬರಲೇಬೇಕಿತ್ತು. ಅವರಿಗಿಂತ ಮುಂಚೆ ಆ ಕೆಲಸದಲ್ಲಿದ್ದವರನ್ನು ಕೊನೆಯ ಹೊಲದವರು ಹಿಡಿದು, ಸೈಕಲ್ಲನ್ನು ಮುಳ್ಳುಪೊದೆಗೆ ಎಸೆದು, ಒಣಗಿದ ಕಾಲುವೆಯೊಳಗೆ ಇಡೀ ದಿನ ನಿಲ್ಲಿಸಿದ್ದರಂತೆ. ಈ ಕಥೆಯನ್ನು ಅಪ್ಪ ನಗುನಗುತ್ತ ಹೇಳುತ್ತಿದ್ದರು.

ತೂಬುಗಳನ್ನು ಏರಿಸಿ ಇಳಿಸುವ ಆಳು ಒಬ್ಬನಿದ್ದ. ದಾರಿಯಲ್ಲಿ ನಮ್ಮನ್ನು ಕಂಡರೆ ಬೀಡಿ ಬೆನ್ನ ಹಿಂದೆ ಹಿಡಿದು ನಗುತ್ತಿದ್ದ. ಒಮ್ಮೆ ಕೇಳಿದ:

"ಏನ್ರಿ ಸಾಹೇಬ್ರ, ಇವತ್ತು ಕೊನಿ ತೂಬಿಗೇನು?"

"ನಿನಗ ಹೆಂಗ ಗೊತ್ತಾತಲೇ?"

"ಸಂಸಾರ ಸಮೇತ ಹೊಂಟೀರಂದ್ರ ಅಲ್ಲಿಗೇ ಬಿಡ್ರಿ. ಮ್ಯಾಲಿನ ತೂಬಿಗಾದ್ರ ಒಬ್ರ ಹೋಗ್ತೀರಿ."

ಅಪ್ಪ ನಕ್ಕರು. ನಾನೂ ನಕ್ಕೆ. ಅವ್ವ ನಗಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಆದರೆ ಅವ್ವ ನನ್ನ ಹಿಂದಿದ್ದಳು, ಅವಳ ಮುಖ ನನಗೆ ಕಂಡಿರಲು ಸಾಧ್ಯವಿಲ್ಲ.

ಕೊನೆಯ ತೂಬಿನ ಕೆಳಗೆ ಒಬ್ಬ ಮುದುಕಿಯ ಹೊಲ, ಹೊಲದಲ್ಲೇ ಗುಡಿಸಲು. ಮಗನೊಬ್ಬ ಅವಳ ಜೊತೆಗಿದ್ದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ ಗಂಡಸನ್ನು ನಮ್ಮ ಕಡೆ ಯಾರೂ ಬೈಯುವುದಿಲ್ಲ. ಅವನು ಆ ಗಳಿಗೆಯಲ್ಲಿ ನೌಕರನಲ್ಲ, ಬೀಗನಿಗೆ ಸಮಾನ. ಮುದುಕಿ ಪ್ರತಿ ಸಲವೂ ಎದ್ದು ಕಂಬಳಿ ಹಾಸುತ್ತಿದ್ದಳು. "ಬರ್ರಿ, ಕುಂದ್ರಿ. ಯವ್ವಾ, ಕೂಸುಗಳ್ನ ಬಿಸಲಾಗ ಎಷ್ಟು ದೂರ ನಡಿಸೀರಿ!" ನಮಗೆ ಬೆಲ್ಲ, ಹುರಿದ ಶೇಂಗಾ. ಅವ್ವನಿಗೆ ಕುಂಕುಮ. ಅಪ್ಪ ತಾವಾಗಿಯೇ ಕುಡಿಯಲು ನೀರು ಕೇಳುತ್ತಿದ್ದರು. ಅವರ ಕಚೇರಿಯ ಬೇರೆ ಯಾರೂ ಮುದುಕಿಯ ಜಾತಿಯವರ ಕೈಯಲ್ಲಿ ನೀರು ಕುಡಿಯುತ್ತಿರಲಿಲ್ಲ. "ನಾ ಅಂಥದ್ದೆಲ್ಲ ನೋಡಂಗಿಲ್ಲ" ಎಂದು ಎರಡು ಚೊಂಬು ಕುಡಿಯುತ್ತಿದ್ದರು. ಧಾರವಾಡದಲ್ಲಿ ಗೆಳತಿಯರೆದುರು ಇದನ್ನು ನಾನು ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಯಾರಿಗೆ ನೀರು ಬಿಡುತ್ತಿರಲಿಲ್ಲವೋ ಅವರ ಬಳಿಯೇ ನೀರು ಕೇಳಿ ಕುಡಿಯುತ್ತಿದ್ದರು ಎಂಬುದು, ಹೇಳುವಾಗ ಒಮ್ಮೆಯೂ ನನಗೆ ಹೊಳೆಯಲಿಲ್ಲ.

ಆ ವರ್ಷ ಮುದುಕಿಯ ಗದ್ದೆಯಲ್ಲಿ ತೆನೆ ಹೊರಬಿದ್ದಿತ್ತು, ಕಾಳಿಗೆ ಹಾಲು ತುಂಬುವ ಹೊತ್ತು. ನೆಲ ಬಿರಿದಿತ್ತು. ನಾವು ಹೊರಡಲು ಎದ್ದಾಗ ಅವಳು ಅವ್ವನನ್ನು ತಡೆದಳು. "ತಡೀರಿ ಯವ್ವಾ, ಉಡಿ ತುಂಬ್ತೀನಿ." ಒಳಗಿನಿಂದ ಮೊರದಲ್ಲಿ ಅಕ್ಕಿ, ಅರಿಶಿನಬೇರು, ಎಲೆ ಅಡಿಕೆ ತಂದಳು. ಅವ್ವ ಸೆರಗು ಒಡ್ಡಿದಳು. ಮುದುಕಿ ಐದು ಸಲ ಬೊಗಸೆಯಿಂದ ಅಕ್ಕಿ ಹಾಕಿ, ಕೊನೆಗೆ ಹೇಳಿದಳು:

"ಇದು ನಮ್ಮ ಹೊಲದ್ದಲ್ರಿ, ಅಂಗಡ್ಯಾಗ ತಂದದ್ದು. ತಪ್ಪು ತಿಳೀಬ್ಯಾಡ್ರಿ. ಎಂಟು ದಿನದಾಗ ಒಂದು ನೀರು ಬಂದ್ರ ನಮ್ಮವು ಕಾಳು ಆಕ್ಕಾವು, ಇಲ್ಲಾಂದ್ರ ಜೊಳ್ಳು. ಬಂದ್ರ ಮುಂದಿನ ಸಾರಿ ನಮ್ಮ ಅಕ್ಕೀನ ಹಾಕ್ತೀನಿ."

ಅಪ್ಪ, "ನೋಡಣ, ಮ್ಯಾಲೆ ಹೇಳ್ತೀನಿ" ಎಂದರು.

ಹಿಂದಿರುಗುವಾಗ ಅವ್ವ ಆ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆದಳು. ನಮ್ಮ ಮನೆಯ ಅಕ್ಕಿ ಎಲ್ಲಿಂದ ಬರುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಮೊದಲ ತೂಬಿನ ಕೆಳಗಿನವರು ಸುಗ್ಗಿಯಲ್ಲಿ ಚೀಲ ಕಳಿಸುತ್ತಿದ್ದರು.

"ಇನ್ನ ನನ್ನ ಕರೀಬ್ಯಾಡ್ರಿ" ಎಂದಳು.

"ಯಾಕ, ಗಾಳಿ ಬ್ಯಾಡೇನು?"

"ಗಾಳಿಗೆ ಕರಕೊಂಡು ಹೋಗ್ತೀರಂತ ನಾನೂ ತಿಳಕೊಂಡಿದ್ದೆ. ಒಂದು ನೀರು ಬಿಡಸ್ರಿ ಆಕಿಗೆ."

"ಮ್ಯಾಲಿನ ತೂಬು ಇಳಿಸಿದ್ರ ಆ ಮಂದಿ ಹೊಸಪ್ಯಾಟಿ ಆಫೀಸಿಗೆ ಹೋಗಿ ಒಂದು ಮಾತು ಹೇಳ್ತಾರ. ಬಂಡ್ರಿ ಕಡಿ ವರ್ಗ ಮಾಡಿ ಒಗೀತಾರ ನನ್ನ."

"ಒಗೀಲಿ. ಬಂಡ್ರ್ಯಾಗ ಮಂದಿ ಉಣ್ಣಂಗಿಲ್ಲೇನು?"

ಅಪ್ಪ ತಂಗಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಮುಂದೆ ನಡೆದರು. ಅವರು ಹೆದರಿದ್ದರು ಎಂದು ಈಗ ತಿಳಿಯುತ್ತದೆ. ಸಂಬಳವೊಂದೇ ಆಧಾರ, ಮೇಲೆ ದೊಡ್ಡವರು, ಕೆಳಗೆ ಸಿಟ್ಟಾದವರು. ಹೀಗೆ ತಿಳಿದುಕೊಂಡರೆ ಸಮಾಧಾನವಾಗಬೇಕಿತ್ತು. ಆಗಿಲ್ಲ.

ಮುಂದಿನ ಭಾನುವಾರ ಅವ್ವ ತಂಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಒಲೆಯ ಮುಂದೆ ಕುಳಿತುಬಿಟ್ಟಳು. ಅಪ್ಪ ನನ್ನ ಕಡೆ ನೋಡಿ, "ನೀ ಬರ್ತಿಯೇನು?" ಎಂದರು. ಅವ್ವ ತಿರುಗಿ ನೋಡಲಿಲ್ಲ. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ.

ಆ ದಿನ ಮುದುಕಿಯ ಮಗ ಏರಿಯ ಮೇಲೆಯೇ ಸಲಿಕೆ ಹಿಡಿದು ನಿಂತಿದ್ದ. ನೀರು ಬಂದಿರಲಿಲ್ಲ.

"ಇವತ್ತು ಅಮ್ಮಾರು ಬರ್ಲಿಲ್ಲೇನ್ರಿ?"

"ಇಕಿ ಬಂದಾಳಲ್ಲ" ಎಂದು ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ತಂದರು. ಆ ಕೈಯ ಭಾರ ಈಗಲೂ ಹೆಗಲಿಗೆ ಗೊತ್ತು ಎಂದು ಅನ್ನಿಸುತ್ತದೆ. ಆದರೆ ಅದನ್ನು ಪ್ರಮಾಣ ಮಾಡಿ ಹೇಳಲಾರೆ. ಸಲಿಕೆ ಇತ್ತು ಎನ್ನುವುದನ್ನೇ ಅಪ್ಪ ಕೊನೆಯ ತನಕ ಒಪ್ಪಲಿಲ್ಲ.

"ಒಂದ್ಸಾರಿ ಹೆಂಗಸ್ರು, ಒಂದ್ಸಾರಿ ಕೂಸು. ನೀವೊಬ್ರ ಯಾವಾಗ ಬರ್ತೀರಿ ಸಾಹೇಬ್ರ?"

ಕೆಳಗಿನಿಂದ ಮುದುಕಿ ಕೂಗಿದಳು. "ಲೇ, ಕೂಸಿನ ಮುಂದ ಸಲಿಕಿ ಹಿಡಕೊಂಡು ನಿಂದ್ರತಿಯೇನು? ನಾಚಿಕಿ ಇಲ್ಲ ನಿನಗ? ಇಳಿ ಕೆಳಗ!"

ಅವನು ಇಳಿದ. ಅಪ್ಪ ಹೋಗಿ ಅಳತೆ ಕಲ್ಲು ನೋಡಿದರು, ನೋಡಲು ಅಲ್ಲಿ ಏನೂ ಇರಲಿಲ್ಲ. ಬಂದು ಎಂದಿನ ಹಾಗೆ, "ಯವ್ವಾ, ಒಂದಿಷ್ಟು ನೀರು ಕೊಡು" ಎಂದರು. ಮುದುಕಿ ಚೊಂಬು ತಂದು ನನ್ನ ಕೈಗೆ ಕೊಟ್ಟಳು.

"ತಂಗೆವ್ವ, ನೀ ಕುಡಿ." ಆಮೇಲೆ ಅಪ್ಪನಿಗೆ, "ನಿಮಗ ಮ್ಯಾಲ ಸಿಗ್ತೈತಿ ಬಿಡ್ರಿ. ಅಲ್ಲಿ ಭಾಳ ಐತಿ."

ಅಷ್ಟೇ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಪೂರ್ತಿ ಚೊಂಬು ಕುಡಿದೆ. ಬಾಯಾರಿತ್ತು, ಅಪ್ಪನಿಗೆ ಉಳಿಸಬೇಕೆಂದು ಹೊಳೆಯಲಿಲ್ಲ. ನನಗೆ ಮರ್ಯಾದೆ ಸಿಕ್ಕಿತೆಂದು ಒಳಗೊಳಗೆ ಹಿಗ್ಗಿದ್ದೂ ಹೌದು.

ಅದರ ಮುಂದಿನ ವಾರ ನಾವಿಬ್ಬರು ಹೋದಾಗ ಏರಿಯ ಮೇಲೆ ಯಾರೂ ಇರಲಿಲ್ಲ. ಗದ್ದೆಯಲ್ಲಿ ಎರಡು ಎಮ್ಮೆ, ಒಂದು ಹೋರಿ ತೆನೆಗಳನ್ನೇ ಮೇಯುತ್ತಿದ್ದವು. ಕೊಯ್ಯುವ ಕೂಲಿಯೂ ಹುಟ್ಟದ ಬೆಳೆಯನ್ನು ಹಾಗೆ ದನಕ್ಕೆ ಬಿಡುತ್ತಾರೆ. ಮುದುಕಿ ಹಗ್ಗ ಹಿಡಿದು ಬದುವಿನ ಮೇಲೆ ಕುಳಿತಿದ್ದಳು. ಕಂಬಳಿ ಹಾಸಲಿಲ್ಲ, ತಲೆ ಎತ್ತಲೂ ಇಲ್ಲ. ಅಪ್ಪ ಕಲ್ಲು ನೋಡಿ ಬೇಗ ತಿರುಗಿದರು. ಅವರ ನಡಿಗೆ ಹಗುರಾಗಿತ್ತು. ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು, ಆದರೂ ಬರೆಯುತ್ತೇನೆ.

ಮರುವಾರದ ಭಾನುವಾರ ನಾನು ರಿಬ್ಬನ್ ಕಟ್ಟಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅಪ್ಪ ಸೈಕಲ್ ಹತ್ತಿದ್ದರು. "ನೀ ಮನ್ಯಾಗಿರು, ನಾ ಒಬ್ಬನ ಹೋಗಿ ಜಲ್ದಿ ಬರ್ತೀನಿ" ಎಂದರು. ಕೊನೆಯ ಹೊಲದಲ್ಲಿ ನೀರು ಕೇಳುವ ಬೆಳೆ ಇರಲಿಲ್ಲ, ಆದ್ದರಿಂದ ನಾನೂ ಬೇಕಿರಲಿಲ್ಲ. ನನಗೆ ಅದು ಗೊತ್ತಾಗಲಿಲ್ಲ. ಹೊಸ್ತಿಲ ಮೇಲೆ ಕುಳಿತು ಸಂಜೆಯ ತನಕ ಅತ್ತೆ, ನನ್ನನ್ನು ಬಿಟ್ಟು ಹೋದರಲ್ಲ ಎಂದು.