ಕಾಪುವಿನ ಅಮ್ಮ ಬಿಡಿಸಿಕೊಟ್ಟ ಆಣೆ

ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ನನ್ನ ಮಗಳು ಶ್ರಾವ್ಯಳ ಬಲಗೈ ಮುರಿಯಿತು. ಕಳೆದ ವರ್ಷದ ಮಾತು. ಅವಳು ಕಾರ್ಕಳದ ಕಾಲೇಜಿನಲ್ಲಿ ಸೆಕೆಂಡ್ ಪಿಯುಸಿ, ವಿಜ್ಞಾನ ವಿಭಾಗ. ಮೆಟ್ಟಿಲು ಇಳಿಯುವಾಗಲೂ ನೋಟ್ಸ್ ಓದುತ್ತಿದ್ದಳಂತೆ, ಕೊನೆಯ ಎರಡು ಮೆಟ್ಟಿಲು ಕಾಣಲಿಲ್ಲ. ಕಾಪುವಿನ ಮಾರಿಯಮ್ಮನ ಭಕ್ತರಲ್ಲಿ ನನ್ನ ಹಾಗೆ ಮೊದಲು ಬಾಯಿ ಬಿಟ್ಟು ಆಮೇಲೆ ಯೋಚಿಸುವವರು ಇನ್ನೂ ಕೆಲವರು ಇರಬಹುದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಮಾತು ತುಳು. ಕನ್ನಡದಲ್ಲಿ ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆ ಬೆಳ್ಮಣ್ಣಿನ ಹತ್ತಿರ. ಯಜಮಾನರು ಮಸ್ಕತ್ತಿನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾರೆ. ಮನೆಯ ಎದುರು ನಾನು ಮಲ್ಲಿಗೆ ಬೆಳೆಸಿದ್ದೇನೆ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಒಯ್ಯುವವರ ಬೈಕು ಬರುವುದರೊಳಗೆ ಚೆಂಡು ಸುತ್ತಿ ಇಡಬೇಕು. ಆ ಒಂದು ವರ್ಷ ಶ್ರಾವ್ಯ ಹೂ ಕಟ್ಟುವಾಗಲೂ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡೇ ಕಟ್ಟಿದಳು. ಅಡುಗೆಮನೆಯಲ್ಲಿ ಗ್ರೈಂಡರಿನ ಮೇಲಿನ ಗೋಡೆಗೆ ಸೂತ್ರಗಳ ಹಾಳೆ ಅಂಟಿಸಿದ್ದಳು. ಹಿಟ್ಟು ಸಿಡಿದು ಸಿಡಿದು ಕೆಲವು ಸೂತ್ರ ಅರ್ಧವೇ ಉಳಿದಿದ್ದವು. ಹೈಸ್ಕೂಲಿನಲ್ಲಿ ಮೇಷ್ಟ್ರು ಒಮ್ಮೆ ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಸಿಪ್ಪೆ ತೋರಿಸಿದ್ದರು. ಅಂದಿನಿಂದ ಇವಳಿಗೆ ಒಂದೇ ಹಟ, ರಕ್ತ ಪರೀಕ್ಷೆ ಮಾಡುವ ಲ್ಯಾಬಿನ ಕೋರ್ಸಿಗೇ ಸೇರಬೇಕು. ಹೆಚ್ಚು ಮಾತಾಡುವ ಹುಡುಗಿ ಅಲ್ಲ. ನಾನು ಇಬ್ಬರ ಪಾಲಿನದ್ದೂ ಮಾತಾಡುತ್ತೇನೆಂದು ಯಜಮಾನರು ತಮಾಷೆ ಮಾಡುವುದುಂಟು.

ಕಾಲೇಜಿನಿಂದ ಫೋನ್ ಬಂದಾಗ ಬೆಳಗ್ಗೆ ಹನ್ನೊಂದೂವರೆ. ಬೆಳ್ಮಣ್ಣಿನಿಂದ ಕಾರ್ಕಳಕ್ಕೆ ಓಡಿದೆ. ಲೆಕ್ಚರರೊಬ್ಬರು ಶಾಲಿನಲ್ಲಿ ಅವಳ ಕೈಯನ್ನು ಕುತ್ತಿಗೆಗೆ ಕಟ್ಟಿ ಬಸ್ ಸ್ಟ್ಯಾಂಡಿಗೆ ಕರೆತಂದಿದ್ದರು. ಅಲ್ಲಿಂದ ಮಣಿಪಾಲದ ಬಸ್ಸು. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಹಿರಿಯಡ್ಕದಲ್ಲಿ ಬಸ್ಸು ನಿಂತಾಗ ಮೆಲ್ಲನೆ ಕೇಳಿದಳು.

"ಅಮ್ಮ, ಹನ್ನೊಂದು ದಿನದಲ್ಲಿ ಎಡಗೈಯಲ್ಲಿ ಬರೆಯಲಿಕ್ಕೆ ಕಲಿಯಬಹುದಾ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮಣಿಪಾಲದಲ್ಲಿ ಎಕ್ಸ್‌ರೇ ತೆಗೆದರು. ಮಣಿಕಟ್ಟಿನ ಹತ್ತಿರ ಎರಡು ಎಲುಬು ಹೋಗಿತ್ತು. ಎಲ್ಲಿಂದಲೋ ಓದಲು ಬಂದ ಎಳೆಯ ಡಾಕ್ಟರು, ತನಗೆ ಬಂದಷ್ಟು ಕನ್ನಡದಲ್ಲಿ, "ಆರು ವಾರ ಬರೆಯುವುದು ಇಲ್ಲ ಅಮ್ಮ" ಎಂದರು. ಬೆರಳ ಬುಡದಿಂದ ಮೊಣಕೈಯ ಮೇಲಿನವರೆಗೆ ಬಿಳಿ ಪ್ಲಾಸ್ಟರು ಬಂತು. ಎರಡನೆಯ ಸಲದ ಪರೀಕ್ಷೆ ಉಂಟಲ್ಲ ಎಂದು ಕೆಲವರು ಸಮಾಧಾನ ಹೇಳಿದರು. ಪ್ಲಾಸ್ಟರು ತೆಗೆದು, ಬೆರಳು ಪೆನ್ನು ಹಿಡಿಯುವ ಹೊತ್ತಿಗೆ ಅದೂ ಮುಗಿದಿರುತ್ತದೋ ಏನೋ, ಡಾಕ್ಟರಿಗೂ ಖಾತ್ರಿ ಇರಲಿಲ್ಲ.

ಕಾಲೇಜಿನವರು ಒಳ್ಳೆಯವರು. ಸ್ಕ್ರೈಬ್ ತೆಗೆದುಕೊಳ್ಳಬಹುದು ಎಂದರು. ಅಂದರೆ ಇವಳು ಉತ್ತರ ಹೇಳುವುದು, ಇನ್ನೊಬ್ಬರು ಬರೆಯುವುದು. ಬರೆಯುವವರು ಕೆಳಗಿನ ತರಗತಿಯವರಾಗಿರಬೇಕು. ಡಾಕ್ಟರ ಸರ್ಟಿಫಿಕೇಟು ಹಿಡಿದು ನಾನು ಉಡುಪಿಯ ಆಫೀಸಿಗೂ ಹೋಗಿ ಬಂದೆ. ಫಸ್ಟ್ ಪಿಯುಸಿಯ ಒಬ್ಬ ಜಾಣ ಹುಡುಗಿಯನ್ನು ಅವರೇ ಗೊತ್ತು ಮಾಡಿದರು. ಸೋಮವಾರ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಇಬ್ಬರನ್ನೂ ಕೂರಿಸಿದರು. ಒಂದು ಗಂಟೆಯಲ್ಲಿ ಎರಡೇ ಉತ್ತರ ಆಯಿತು. ಶ್ರಾವ್ಯಳಿಗೆ ಎಲ್ಲವೂ ಗೊತ್ತು, ಆದರೆ ಅವಳ ವಿದ್ಯೆ ಇದ್ದದ್ದು ಬೆರಳಿನಲ್ಲಿ. ಪರಿಚಯ ಇಲ್ಲದವರ ಮುಂದೆ ಬಾಯಿ ತೆರೆದರೆ ಅವಳಿಗೆ ಗಂಟಲು ಕಟ್ಟುತ್ತದೆ. ಪಾಪ ಆ ಹುಡುಗಿಯೂ ಪೆನ್ನು ಹಿಡಿದು ಕಾದೂ ಕಾದೂ ಸೋತಳು.

ಮನೆಗೆ ಬಂದ ಮೇಲೆ ಶ್ರಾವ್ಯ ಜಗಲಿಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಕೈ ಮುರಿದ ದಿನವೂ ಅಷ್ಟು ಅತ್ತಿರಲಿಲ್ಲ.

"ಯಾರಾದರೆ ಆಗುತ್ತದೆ ನಿನಗೆ? ಹೇಳು, ಕಾಲು ಹಿಡಿದಾದರೂ ಕರೆತರುತ್ತೇನೆ" ಎಂದೆ.

"ದೀಕ್ಷಾ ಆಗುತ್ತಿತ್ತು" ಎಂದಳು.

ಇಲ್ಲಿ ನಾನು ನನ್ನ ತಪ್ಪನ್ನು ಹೇಳಲೇಬೇಕು. ದೀಕ್ಷಾ ನನ್ನ ಮೈದುನನ ಮಗಳು, ಅದೇ ಕಾಲೇಜಿನಲ್ಲಿ ಫಸ್ಟ್ ಪಿಯುಸಿ. ಅವಳ ತಾಯಿ ಸುಜಾತ ನನ್ನ ಓರಗಿತ್ತಿ. ನಮ್ಮ ಎರಡು ಮನೆಗಳ ನಡುವೆ ಒಂದು ಗಿಡ್ಡ ಪಾಗಾರದ ಗೋಡೆ ಮಾತ್ರ. ಐದು ವರ್ಷದ ಹಿಂದೆ ಅವರ ಮನೆಯ ವಾಷಿಂಗ್ ಮೆಷಿನ್ನಿನ ಸೋಪುನೀರು ಹರಿದು ನನ್ನ ಮಲ್ಲಿಗೆಯ ಒಂದು ಸಾಲು ಸುಟ್ಟುಹೋಯಿತು. ಪೈಪು ಬಿಚ್ಚಿಕೊಂಡದ್ದು ಗೊತ್ತಾಗಲಿಲ್ಲ ಅಂದಳು ಸುಜಾತ. ಬೇಕೆಂದೇ ಮಾಡಿದ್ದು ಅಂದೆ ನಾನು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ತುಳಸಿಕಟ್ಟೆಯ ಎದುರು, ಪಕ್ಕದಲ್ಲಿ ನಿಂತಿದ್ದ ಶ್ರಾವ್ಯಳ ತಲೆಯ ಮೇಲೆ ಕೈ ಇಟ್ಟು, "ಇನ್ನು ಆ ಮನೆಯ ಒಂದು ತೊಟ್ಟು ನೀರಾಗಲಿ, ಒಂದು ಉಪಕಾರವಾಗಲಿ ನಮಗೆ ಬೇಡ. ಕಾಪುವಿನ ಅಮ್ಮನ ಆಣೆ" ಎಂದುಬಿಟ್ಟೆ. ಆಗ ಮಗು ಏಳನೆಯ ಕ್ಲಾಸಿನಲ್ಲಿತ್ತು. ನಮ್ಮ ಕಡೆ ಆಣೆ ಎಂದರೆ ಆಟ ಅಲ್ಲ, ಅದು ನಿಮಗೆಲ್ಲ ಗೊತ್ತು.

"ಅವಳ ಹತ್ತಿರ ನಿನಗೆ ಮಾತೇ ಇಲ್ಲವಲ್ಲ?" ಎಂದು ಕೇಳಿದೆ.

"ಬಸ್ಸಿನಲ್ಲಿ ದಿನಾ ಒಟ್ಟಿಗೇ ಕೂರುವುದು ಅಮ್ಮ. ಶಾಲೆಗೆ ಹೋಗುವಾಗಲೂ ಹಾಗೆಯೇ. ನೀನು ಬೈಯುತ್ತಿ ಅಂತ ಹೇಳಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಮೂಗು ಒರೆಸಿಕೊಂಡು ಮುಂದುವರಿಸಿದಳು. "ಆದರೆ ಅವಳ ಕೈಯಿಂದ ಏನೂ ತಿಂದಿಲ್ಲ. ಒಮ್ಮೆ ಬಸ್ಸಿನಲ್ಲಿ ತಲೆ ತಿರುಗಿತ್ತು, ಅವಳು ನೀರು ಕೊಡಲಿಕ್ಕೆ ಬಂದಳು. ಕುಡಿಯಲಿಲ್ಲ. ನೀನು ನನ್ನ ತಲೆ ಮುಟ್ಟಿ ಹೇಳಿದ್ದಲ್ವಾ? ಈಗ ಅವಳ ಕೈಯಲ್ಲಿ ಬರೆಸಿ ಎಂತಾದರೂ ಆದರೆ?"

ಐದು ವರ್ಷ! ನಾನು ಸಿಟ್ಟಿನಲ್ಲಿ ಉಗುಳಿದ ಒಂದು ಮಾತನ್ನು ಈ ಮಗು ಐದು ವರ್ಷ ತಲೆಯ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿ ಇಳಿದಿದೆ. ಬಾಯಾರಿದರೂ ಕುಡಿದಿಲ್ಲ. ನನ್ನ ಮಗಳ ಮುಖ ನೋಡಲು ನನಗೇ ನಾಚಿಕೆಯಾಯಿತು. ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಮರುದಿನ ಮಂಗಳವಾರ. ಕಟ್ಟಿದ ಹೂವನ್ನು ಅಂದು ಯಾರಿಗೂ ಕೊಡಲಿಲ್ಲ. ಅಷ್ಟನ್ನೂ ಬಾಳೆಎಲೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ, ಪಡುಬಿದ್ರಿಯಲ್ಲಿ ಇಳಿದು ಬಸ್ಸು ಬದಲಿಸಿ ಕಾಪುವಿಗೆ ಹೋದೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಅಲ್ಲಿಯೂ ಒಂದು ಉಪಾಯ ಇತ್ತು. ತಪ್ಪು ಕಾಣಿಕೆ ಹಾಕಿ ಆಣೆಯನ್ನು ನಾನೊಬ್ಬಳೇ ಬಿಡಿಸಿಕೊಂಡರೆ ಸುಜಾತಳ ಎದುರು ತಲೆ ತಗ್ಗಿಸುವ ಕೆಲಸ ಇಲ್ಲವಲ್ಲ! ಹೇಗೂ ಮಕ್ಕಳಿಬ್ಬರು ಮಾತಾಡಿಕೊಳ್ಳುತ್ತಾರೆ. ಅಮ್ಮನ ಎದುರು ನಿಂತು, ಮಗಳ ಕೈ ಬೇಗ ಕೂಡಲಿ, ನನ್ನ ಮಾತು ಅವಳ ತಲೆಯಿಂದ ಇಳಿಯಲಿ ಎಂದು ಕೇಳಿಕೊಂಡೆ. ಆಮೇಲೆ ಅರ್ಚಕರಲ್ಲಿ ವಿಷಯ ಹೇಳಿದೆ. ವಯಸ್ಸಾದವರು, ಪೂರ್ತಿ ಕೇಳಿಸಿಕೊಂಡರು.

"ಯಾರ ಮನೆಯ ಮೇಲೆ ಹಾಕಿದ್ದು, ಅವರು ಎಲ್ಲಿದ್ದಾರೆ?" ಎಂದರು.

"ಅವರು ಬರಲಿಲ್ಲ. ನಾನೊಬ್ಬಳೇ ಬಂದದ್ದು."

"ಹಾಗಾದರೆ ಆಗುವುದಿಲ್ಲ ಅಮ್ಮ. ಆಣೆ ಒಬ್ಬರು ಹಾಕಬಹುದು. ಬಿಡಿಸಲಿಕ್ಕೆ ಇಬ್ಬರೂ ಬೇಕು. ಅವರನ್ನು ಕರೆದುಕೊಂಡು ಬನ್ನಿ, ನಾಳೆ ಬಂದರೂ ಆಯಿತು."

ಬಸ್ಸಿನಲ್ಲಿ ಹಿಂದೆ ಬರುವಾಗ ಮನಸ್ಸಿನಲ್ಲೇ ತಾಯಿಯ ಹತ್ತಿರ ಜಗಳ ಆಡಿದೆ. ನೂರು ದಾರಿ ನಿನ್ನ ಕೈಯಲ್ಲಿ ಉಂಟು, ನನಗೆ ಈ ಒಂದೇ ದಾರಿಯನ್ನು ಯಾಕೆ ಬಿಟ್ಟೆ ಎಂದೆ. ಬೆಳ್ಮಣ್ಣಿನಲ್ಲಿ ಇಳಿಯುವಾಗ ನನ್ನ ಜಗಳ ಮುಗಿದಿತ್ತು. ನಮ್ಮ ಮನೆಯ ಗೇಟನ್ನು ಬಿಟ್ಟು ಮುಂದೆ ಹೋದೆ, ಸುಜಾತಳ ಮನೆಯ ಗೇಟು ತೆರೆದೆ.

ಅವಳು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದ ಬೆಡ್‌ಶೀಟು ಹಾಗೆಯೇ ಹಿಡಿದು ನಿಂತಳು. ದಾರಿಯಲ್ಲಿ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಸುಜಾತ, ನಾನು ಅಂದದ್ದು ತಪ್ಪು. ಮಗಳ ತಲೆ ಮುಟ್ಟಿ ಅಂದದ್ದು ಇನ್ನೂ ದೊಡ್ಡ ತಪ್ಪು. ಬಿಡಿಸಲಿಕ್ಕೆ ನೀನೂ ಬರಬೇಕಂತೆ ಕಾಪುವಿಗೆ" ಎಂದೆ. ಅಷ್ಟಕ್ಕೇ ಗಂಟಲು ಕಟ್ಟಿತು. ಮಗಳ ಕಷ್ಟ ಏನೆಂದು ಆಗ ನನಗೆ ಗೊತ್ತಾಯಿತು.

ಅವಳ ಕಣ್ಣು ತುಂಬಿತ್ತು. "ಕೈ ಮುರಿಯಿತು ಅಂತ ದೀಕ್ಷಾ ಹೇಳಿದ ದಿನವೇ ನಿಮ್ಮ ಗೇಟಿನವರೆಗೆ ಬಂದಿದ್ದೆ ಅಕ್ಕ. ಆಣೆ ನೆನಪಾಯಿತು, ಮಗುವಿಗೆ ಇನ್ನೂ ಎಂತಾದರೂ ಆದರೆ ಅಂತ ಹೆದರಿ ಹಿಂದೆ ಹೋದೆ" ಎಂದಳು. ಆಮೇಲೆ ಬೆಡ್‌ಶೀಟು ಮಡಚುತ್ತಾ, "ನಾಳೆ ಎಷ್ಟು ಗಂಟೆಯ ಬಸ್ಸು?" ಎಂದು ಕೇಳಿದಳು.

ಬುಧವಾರ ನಾವು ನಾಲ್ವರೂ ಹೋದೆವು. ಅರ್ಚಕರು ನಮ್ಮಿಬ್ಬರ ಕೈ ಸೇರಿಸಿ ಹೂ ಇಟ್ಟು, ಸಿಟ್ಟಿನಲ್ಲಿ ಆಡಿದ ಮಾತನ್ನು ತಾಯಿಯ ಪಾದಕ್ಕೆ ಬಿಟ್ಟೆವು ಎಂದು ಹೇಳಿಸಿದರು. ಹಿಂದೆ ಬರುವಾಗ ಬಸ್ಸಿನಲ್ಲಿ ಶ್ರಾವ್ಯ ದೀಕ್ಷಾಳ ಬಾಟಲಿ ತೆಗೆದು ಗಟಗಟನೆ ಕುಡಿದಳು. "ಅಕ್ಕ, ಸ್ವಲ್ಪ ನನಗೂ ಇಡು ಮಾರಾಯ್ತಿ" ಎಂದು ದೀಕ್ಷಾ ಕೂಗುತ್ತಿದ್ದಳು. ಸುಜಾತ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಗುರುವಾರವೇ ಕಾಲೇಜಿಗೆ ಹೋಗಿ ಸ್ಕ್ರೈಬಿನ ಹೆಸರು ಬದಲಿಸಲು ಬೇಡಿಕೊಂಡೆವು. ಉಡುಪಿಯಿಂದ ಒಪ್ಪಿಗೆ ಬರುವುದು ಶನಿವಾರ ಮಧ್ಯಾಹ್ನವಾಯಿತು. ಅಷ್ಟರವರೆಗೂ ಹುಡುಗಿಯರು ಕಾಯಲಿಲ್ಲ, ನಮ್ಮ ಜಗಲಿಯಲ್ಲಿ ಕುಳಿತೇಬಿಟ್ಟರು. ನನ್ನ ಮೂಗಿಯಂಥ ಮಗಳು ಮಾತಾಡಿದ್ದೇ ಮಾತಾಡಿದ್ದು! ನಾನೂ ಸುಜಾತಳೂ ಒಂದೇ ಬುಟ್ಟಿಯ ಹೂ ಕಟ್ಟುತ್ತಾ ಕೇಳುತ್ತಿದ್ದೆವು. "ನಿಧಾನ ಅಕ್ಕ, ನಾನು ಕಾಮರ್ಸು, ಇಂಥ ಹೆಸರೆಲ್ಲ ನಾನು ಕೇಳಿಯೇ ಇಲ್ಲ" ಎಂದು ದೀಕ್ಷಾ ಗೋಳಾಡುವಳು. ಕಿಡ್ನಿಯ ಚಿತ್ರಕ್ಕೆ ಶ್ರಾವ್ಯ, "ಗೇರುಬೀಜ ಬಿಡಿಸು, ಆಮೇಲೆ ಒಳಗೆ ಹೇಳುತ್ತೇನೆ" ಎನ್ನುವಳು. ಅವಳು ಅರ್ಧ ವಾಕ್ಯ ಹೇಳುವಾಗಲೇ ಇವಳ ಪೆನ್ನು ಹೊರಟಾಗಿರುತ್ತಿತ್ತು.

ಪರೀಕ್ಷೆಯ ಅಷ್ಟೂ ದಿನ ನಾವಿಬ್ಬರೂ ಕಾಲೇಜಿನ ಹೊರಗೆ ಮರದ ಕೆಳಗೆ ಕೂತು ಕಾದೆವು. ಫಿಸಿಕ್ಸಿನಲ್ಲಿ ಒಂದು ದೊಡ್ಡ ಲೆಕ್ಕ ಬಾಯಲ್ಲಿ ಹೇಳುವಷ್ಟರಲ್ಲಿ ಹೊತ್ತು ಮುಗಿದು ಬಿಟ್ಟುಹೋಯಿತು. ಉಳಿದದ್ದೆಲ್ಲ ಚೆನ್ನಾಗಿ ಆಯಿತು. ಫಲಿತಾಂಶ ಬಂದಾಗ ಶ್ರಾವ್ಯಳಿಗೆ ಡಿಸ್ಟಿಂಕ್ಷನ್. ಯಜಮಾನರು ಮಸ್ಕತ್ತಿನಿಂದ ವಿಡಿಯೋ ಕಾಲಿನಲ್ಲಿ ಮಗಳಿಂದ ಅಂಕಗಳನ್ನು ಎರಡೆರಡು ಸಲ ಓದಿಸಿದರು. ಈಗ ಅವಳು ಉಡುಪಿಯ ಒಂದು ಕಾಲೇಜಿನಲ್ಲಿ ತನಗೆ ಬೇಕಾದ ಲ್ಯಾಬಿನ ಕೋರ್ಸನ್ನೇ ಓದುತ್ತಿದ್ದಾಳೆ.

ಕೈ ಬೇಗ ಕೂಡಲಿ ಎಂದು ನಾನು ಬೇಡಿದ್ದೆ. ಕೈ ಕೂಡಿದ್ದು ಡಾಕ್ಟರು ಹೇಳಿದ ಆರು ವಾರಕ್ಕೇ, ಒಂದು ದಿನವೂ ಮೊದಲಲ್ಲ. ಆದರೂ ನನ್ನ ಪ್ರಾರ್ಥನೆಯನ್ನು ತಾಯಿ ಕೇಳಲಿಲ್ಲ ಎಂದು ನಾನು ಹೇಗೆ ಹೇಳಲಿ? ಅಂದು ಅವಳು ನನ್ನನ್ನು ಬರಿಗೈಯಲ್ಲಿ ಹಿಂದೆ ಕಳಿಸಿದ್ದಕ್ಕೇ ನಾನು ಸುಜಾತಳ ಗೇಟಿಗೆ ಹೋದೆ. ಕಾಪುವಿನಲ್ಲಿ ನಾನೊಬ್ಬಳೇ ಮುಗಿಸಬಹುದಾಗಿದ್ದರೆ ಆ ಗೇಟಿಗೆ ಖಂಡಿತ ಹೋಗುತ್ತಿರಲಿಲ್ಲ, ನನ್ನ ಸ್ವಭಾವ ನನಗೆ ಗೊತ್ತು. ನಿಮ್ಮಲ್ಲಿ ಯಾರಾದರೂ ಸಿಟ್ಟಿನಲ್ಲಿ ಇಂಥ ಮಾತು ಆಡಿದ್ದರೆ, ಕಷ್ಟ ಬರುವವರೆಗೆ ಕಾಯಬೇಡಿ. ಮಕ್ಕಳು ನಮ್ಮ ಮಾತನ್ನು ನಮಗಿಂತ ಹೆಚ್ಚು ನಂಬುತ್ತಾರೆ.

ಫಲಿತಾಂಶ ಬಂದ ವಾರವೇ ಪೂಜೆ ಕೊಡಲು ಎರಡೂ ಮನೆಯವರು ಕಾಪುವಿಗೆ ಹೋದೆವು. ತುಂಬಾ ಜನ ಇದ್ದರು. ಅದೇ ಅರ್ಚಕರು ಹೂವಿನ ತಟ್ಟೆ ಹಿಡಿದು, "ಯಾರ ಹೆಸರಿನಲ್ಲಿ? ನಕ್ಷತ್ರ ಹೇಳಿ" ಎಂದರು.

"ದೀಕ್ಷಾ, ರೋಹಿಣಿ ನಕ್ಷತ್ರ" ಎಂದೆ ನಾನು.

ಅದೇ ಗಳಿಗೆಯಲ್ಲಿ ಪಕ್ಕದಿಂದ ಸುಜಾತ, "ಶ್ರಾವ್ಯ, ಉತ್ತರಾಷಾಢ ನಕ್ಷತ್ರ" ಎಂದಳು.

ಎರಡು ಹೆಸರು ಒಟ್ಟಿಗೆ ಬಿದ್ದು ಅರ್ಚಕರಿಗೆ ಕೇಳಿಸಲಿಲ್ಲ. ತಿರುಗಿ ನೋಡಿ, "ಒಬ್ಬೊಬ್ಬರಾಗಿ ಹೇಳಿ. ಯಾರ ಮಗಳು ಯಾರು?" ಎಂದು ಕೇಳಿದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮತ್ತೊಮ್ಮೆ ಹೇಳಿದೆವು, ನಾನು ದೀಕ್ಷಾಳ ಹೆಸರು, ಅವಳು ಶ್ರಾವ್ಯಳ ಹೆಸರು, ಹಾಗೆಯೇ.