ಪರದೆಯ ಹಿಂದಿನ ಐವತ್ತೆರಡು ಆವರ್ತನ

2004ರಲ್ಲಿ ನಾನು ಶಾಲೆ ಬಿಟ್ಟೆ, ಏಳನೆಯ ಇಯತ್ತೆ ಮುಗಿಸಿ. ಅವ್ವ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಳು. ಕಂಪನಿ ಊರೂರು ತಿರುಗುತ್ತಿತ್ತು, ನಾನು ಪರದೆ ಎಳೆಯುತ್ತಿದ್ದೆ. ಅದಕ್ಕೆ ಎಂದೂ ನಾಚಿಕೊಂಡಿಲ್ಲ. ಸಂಶೋಧನೆಗೆಂದು ಪರದೇಶಕ್ಕೆ, ಮಾಸ್ಟ್ರಿಕ್ಟ್‌ಗೆ ಬಂದ ಹೆಂಡತಿಯ ಜೊತೆ ನಾನೂ ಬಂದಾಗ ಸಿಕ್ಕಿದ್ದೂ ಅದೇ ಕೆಲಸ, ಒಂದು ಒಪೆರಾ ತಂಡದಲ್ಲಿ ಸೀನರಿ ಎತ್ತಿ ಕಟ್ಟುವುದು.

ಮೊದಲ ದಿನವೇ ಮೈ ಜುಮ್ಮೆಂದಿತು. ಗಾಯಕರು ಮೈಕಿಲ್ಲದೆ ಹಾಡಿದರು! ಅಷ್ಟು ದೊಡ್ಡ ವಾದ್ಯಮೇಳವನ್ನು ದಾಟಿ ದನಿ ಕಡೆಯ ಬಾಲ್ಕನಿ ಮುಟ್ಟುತ್ತಿತ್ತು. ಮೈಕು ಕೆಟ್ಟ ದಿನ ಅವ್ವ ಹೀಗೇ ಹಾಡುತ್ತಿದ್ದಳು. ಮನೆಗೆ ಬಂದು, ಇದನ್ನು ನಾನೂ ಹಾಡಬಲ್ಲೆ ಎಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

"ಹಂಗಾರ ಹೋಗಿ ಕೇಳ್ರಿ. ಸೀನರಿ ಎತ್ತಾಕ ನಾಚಲಿಲ್ಲ, ಕೇಳಾಕ ಎದಕ್ಕ ನಾಚ್ತೀರಿ?"

ಕೇಳಿದೆ. ಕೋರಸ್‌ಗೆ ಹಾಡು ಕಲಿಸುತ್ತಿದ್ದ ವಯಸ್ಸಾದ ಟೀಚರ್ ನನ್ನ ಮಂದ್ರ ಷಡ್ಜ ಕೇಳಿ ಕನ್ನಡಕ ತೆಗೆದಿಟ್ಟರು. ಸೋಮವಾರದಿಂದ ಬಾ ಎಂದರು.

ಮೂರು ವರ್ಷ ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಸೀನರಿ. ಅಂಗಾತ ಮಲಗಿ, ಹೊಟ್ಟೆಯ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು ಉಸಿರಾಡಿದೆ. ಇಟಾಲಿಯನ್ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಸೈಕಲ್ ಮೇಲೆ ಬಾಯಿಪಾಠ ಮಾಡಿದೆ. ಒಂದು ಚಟ ಮಾತ್ರ ಬಿಡಲಿಲ್ಲ. ಸ್ವರ ಚೆನ್ನಾಗಿ ನಿಂತರೆ ಎಳೆಯುತ್ತಿದ್ದೆ. ಕಂಪನಿಯಲ್ಲಿ ಅವ್ವ ಹಾಗೆ ಎಳೆದರೆ ಹಾರ್ಮೋನಿಯಂ ಮಾಸ್ತರ ಕಾಯುತ್ತಿದ್ದ, ಜನ ಒನ್ಸ್ ಮೋರ್ ಕೂಗುತ್ತಿದ್ದರು. ಇಲ್ಲಿ ಪಿಯಾನೊ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಇಲ್ಲಿ ಯಾರೂ ನಿನಗೆ ಕಾಯುವುದಿಲ್ಲ ಎಂದು ಟೀಚರ್ ಪ್ರತಿ ವಾರ ಹೇಳಿದರು.

ಕಡೆಗೆ ಒಂದು ಪಾತ್ರ ಸಿಕ್ಕಿತು. ಕಾವಲುಗಾರನದು. ರಂಗದ ಮೇಲೆ ಬರುವಂತಿಲ್ಲ, ಪರದೆಯ ಹಿಂದಿನಿಂದ ಮೂರು ಸಾಲು ಹಾಡಬೇಕು. ಸರಿಯಾಗಿ ಹಾಡಿದರೆ ಮುಂದಿನ ವರ್ಷಕ್ಕೆ ಗಾಯಕನ ಕಾಂಟ್ರ್ಯಾಕ್ಟ್, ತಪ್ಪಿದರೆ ಸೀನರಿ ಇದ್ದೇ ಇದೆ ಎಂದು ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದರು. ನನ್ನ ಸಾಲಿಗೆ ಮುಂಚೆ ವಾದ್ಯಮೇಳ ಐವತ್ತೆರಡು ಆವರ್ತನ ನುಡಿಸುತ್ತದೆ. ಮೇಳ ನಡೆಸುವವರು ಪರದೆಯ ಹಿಂದಕ್ಕೆ ಕಾಣುವುದಿಲ್ಲ. ಪುಟ್ಟ ಟಿವಿಯಲ್ಲಿ ಅವರ ಕೈ ನೋಡಿ ಸಹಾಯಕಿಯೊಬ್ಬಳು ನನಗೆ ಸನ್ನೆ ಮಾಡಬೇಕು.

ಆಮರ್ಸ್‌ಫೋರ್ಟ್ ಎಂಬ ಊರಿನ ಮೊದಲ ಪ್ರದರ್ಶನದಲ್ಲಿ ನಮ್ಮ ಆ ಟಿವಿ ಕಪ್ಪಾಯಿತು.

ಸಹಾಯಕಿ ಸ್ವರಲಿಪಿಯ ಪುಸ್ತಕದ ಹಾಳೆ ಮುಂದೆ ತಿರುವಿದಳು, ಹಿಂದೆ ತಿರುವಿದಳು. ಎಲ್ಲಿದ್ದೇವೆ ಎಂದು ಪಿಸುಗುಟ್ಟಿದಳು. ನಾನು ಕೈ ತೋರಿಸಿದೆ. ಎಡಗೈಯ ಮೂರು ಬೆರಳು ಮಡಚಿದ್ದವು, ಬಲಗೈ ಹೆಬ್ಬೆರಳು ನಡುಬೆರಳಿನ ಎರಡನೆಯ ಗೆಣ್ಣಿನ ಮೇಲಿತ್ತು. ನಲವತ್ತೊಂದು. ಸೈಡ್ ವಿಂಗಿನಲ್ಲಿ ಪ್ರವೇಶಕ್ಕೆ ಕಾಯುವಾಗ ಅವ್ವ ಹೀಗೇ ಎಣಿಸುತ್ತಿದ್ದಳು. ಬಲಗೈ ತೋರುಬೆರಳಿನಿಂದ ಶುರು, ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. ಹನ್ನೆರಡಾದರೆ ಎಡಗೈಯಲ್ಲಿ ಒಂದು ಬೆರಳು ಮಡಚು. ತಾಲೀಮಿನಲ್ಲಿ ಟಿವಿ ಇದ್ದಾಗಲೂ ನಾನು ಎಣಿಸುತ್ತಿದ್ದೆ, ಮಂತ್ರ ಹಾಕುತ್ತೀಯಾ ಎಂದು ಕೋರಸ್‌ನವರು ರೇಗಿಸುತ್ತಿದ್ದರು.

ಸಹಾಯಕಿ ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು. ನಾಲ್ಕನೆಯ ಬೆರಳೂ ಮಡಚಿತು. ತೋರುಬೆರಳು ಮುಗಿಯಿತು. ನಡುಬೆರಳಿನ ಮೊದಲ ಗೆಣ್ಣು, ಐವತ್ತೆರಡು. ಉಸಿರನ್ನು ಹೊಟ್ಟೆಗೆ ಇಳಿಸಿ ಹಾಡಿದೆ. ನನ್ನ ಸ್ವರವೂ ಕಹಳೆಗಳೂ ಒಂದೇ ಏಟಿಗೆ ಬಿದ್ದವು! ಎಳೆಯುವ ಆಸೆ ಗಂಟಲವರೆಗೆ ಬಂತು. ಎಳೆಯಲಿಲ್ಲ.

ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ.

"ಒನ್ಸ್ ಮೋರ್ ಬಂತೇನಲೇ?"

ಇಲ್ಲ, ನಾನು ಎಳೆಯಲೇ ಇಲ್ಲ ಎಂದೆ.

"ಎಳೀದಿದ್ರ ಎಲ್ಲಿಂದ ಬರ್ತದ, ತಗೋ."

ಈಗ ನನ್ನ ಹತ್ತಿರ ಎರಡನೆಯ ವರ್ಷದ ಕಾಂಟ್ರ್ಯಾಕ್ಟ್ ಇದೆ. ಬಾಯಿಪಾಠವಾದ ಒಪೆರಾ ಒಂಬತ್ತು. ಒಬ್ಬನೇ ಹಾಡುವ ಪಾತ್ರ ನಾಲ್ಕು, ಅದರಲ್ಲಿ ಜನಕ್ಕೆ ನನ್ನ ಮುಖ ಕಾಣುವಂಥವು ಎರಡು. ಕರಿ ಕೋಟು ಒಂದು. ಏಳನೆಯ ಇಯತ್ತೆಯ ಸರ್ಟಿಫಿಕೇಟು ಒಂದು.