ಮೊಲದ ಪುಸ್ತಕ, ಹಸಿರು ಪುಸ್ತಕ

ಚಿಜುರುವಿನ ಬಳಿ ಔಷಧಿ ಪುಸ್ತಕ ಎರಡಿದ್ದವು. ಸಬಾಯೆ ಊರಿನಲ್ಲಿ ಔಷಧಿ ಅಂಗಡಿಗೆ ಹೋದವರಿಗೆಲ್ಲ ಅಂಗೈಯಗಲದ ಒಂದು ಪುಸ್ತಕ ಕೊಡುತ್ತಾರೆ. ಯಾವ ಡಾಕ್ಟರು ಏನು ಬರೆದುಕೊಟ್ಟರೂ ಅದರ ಹೆಸರು, ಅಳತೆ, ದಿನಾಂಕ ಅಚ್ಚಾದ ಚೀಟಿಯನ್ನು ಅದರೊಳಗೆ ಅಂಟಿಸುತ್ತಾರೆ. ಒಬ್ಬರಿಗೆ ಒಂದೇ ಇರಬೇಕು. ಮರೆತು ಬಂದವರಿಗೆ ಹೊಸದೊಂದನ್ನು ಕೊಟ್ಟುಬಿಡುವುದರಿಂದ ಮುದುಕರ ಮನೆಗಳಲ್ಲಿ ನಾಲ್ಕೈದು ಸಿಗುವುದೂ ಉಂಟು. ಆದರೆ ಚಿಜುರು ಮರೆಯುವ ಹೆಂಗಸಲ್ಲ. ಎರಡನೆಯದನ್ನು ಅವಳು ಬೇಕೆಂದೇ ಮಾಡಿಸಿಕೊಂಡಿದ್ದಳು.

ಮೊಲದ ಚಿತ್ರವಿದ್ದ ಪುಸ್ತಕ ಅಡುಗೆಮನೆಯ ಡ್ರಾಯರಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇರುತ್ತಿತ್ತು. ಅದರಲ್ಲಿ ನೆಗಡಿ, ಹಲ್ಲುನೋವು, ಮುಟ್ಟಿನ ನೋವಿನ ಚೀಟಿಗಳು. ಹಸಿರು ರಟ್ಟಿನದು ಅವಳು ಕೆಲಸ ಮಾಡುವ ಫ್ಯಾಕ್ಟರಿಯ ಬೀರುವಿನಲ್ಲಿ, ಬುತ್ತಿ ಕಟ್ಟುವ ಬಟ್ಟೆಯ ಕೆಳಗೆ. ಅದರಲ್ಲಿ ಪುಟದಿಂದ ಪುಟಕ್ಕೆ ಒಂದೇ ಹೆಸರು: ಮೊಡಾಫಿನಿಲ್. ಬೆಳಿಗ್ಗೆ, ತಿಂಡಿಯಾದ ಮೇಲೆ.

ಅವಳಿಗಿದ್ದ ಕಾಯಿಲೆಯ ಹೆಸರು ನಾರ್ಕೊಲೆಪ್ಸಿ. ನಿದ್ದೆ ಕೇಳದೆ ಬಂದು ಕೂತುಬಿಡುತ್ತಿತ್ತು, ಕೈಯಲ್ಲಿ ಚಾಪ್‌ಸ್ಟಿಕ್ ಇದ್ದರೂ, ಬಾಯಲ್ಲಿ ಮಾತಿದ್ದರೂ. ಜೋರಾಗಿ ನಕ್ಕರೆ ಕಾಲಿನ ಬಲವೇ ಹೋಗಿಬಿಡುತ್ತಿತ್ತು. ಇಪ್ಪತ್ತಾರು ವರ್ಷವಾಗುವ ತನಕ ಅದು ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಶಾಲೆಯ ಬೆಂಚಿನ ಮೇಲೆ ಮಲಗಿದರೆ ಮೇಷ್ಟರು ‘ಪಾಪ, ರಾತ್ರಿಯೆಲ್ಲ ಓದಿದೆ ಹುಡುಗಿ’ ಎಂದರು. ರೈಲಿನಲ್ಲಿ ಅರ್ಧ ಡಬ್ಬಿಯೇ ತೂಕಡಿಸುತ್ತಿತ್ತು. ಮೊದಲ ಕೆಲಸದಲ್ಲಿ, ಸಭೆಯ ನಡುವೆ ಅವಳ ಗದ್ದ ಎದೆಗೆ ತಾಗಿದಾಗ ಮೇಲಿನವನು ಮೆಚ್ಚಿದ: ಇಷ್ಟು ದಣಿಯುವಷ್ಟು ದುಡಿಯುತ್ತಾಳಲ್ಲ ಎಂದು. ಗೆಳತಿಯ ಮದುವೆಯಲ್ಲಿ ನಕ್ಕು ನಕ್ಕು ಮೊಣಕಾಲು ಕಳಚಿದಂತಾಗಿ ನೆಲಕ್ಕೆ ಕುಸಿದಾಗ ಕುಡಿದಿದ್ದಾಳೆಂದರು. ಅವಳು ಕುಡಿದದ್ದು ಬಾರ್ಲಿ ಟೀ.

ಕೊನೆಗೆ ಕನ್ನಡಕದ ಫ್ಯಾಕ್ಟರಿಯಲ್ಲಿ, ಫ್ರೇಮು ಉಜ್ಜುವ ಚಕ್ರಕ್ಕೆ ನಿದ್ದೆಗಣ್ಣಲ್ಲಿ ಬೆರಳು ಕೊಟ್ಟಾಗಲೇ ಪತ್ತೆಯಾಯಿತು. ಹೊಲಿಗೆ ಹಾಕಿದ ಡಾಕ್ಟರು ಫುಕುಯಿ ನಗರದ ನಿದ್ದೆ ಡಾಕ್ಟರ ಬಳಿಗೆ ಕಳಿಸಿದರು. ಅಲ್ಲಿ ಆ ಮಾತ್ರೆ ಪಡೆಯುವವರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ, ಕಾರ್ಡು ಕೊಟ್ಟು, ಮಾತ್ರೆ ಬರೆದರು. ಮೊದಲ ಮಾತ್ರೆ ನುಂಗಿದ ದಿನ ಸಂಜೆ ಗಂಡ ಕೋಹೆಯಿಗೆ ಅವಳು ಹೇಳಿದ್ದು ಇಷ್ಟೇ: “ಇವತ್ತು ಮಧ್ಯಾಹ್ನ ಹೇಗಿರುತ್ತೆ ಅಂತ ನೋಡ್ದೆ. ನಾನು ಯಾವತ್ತೂ ನೋಡೇ ಇರ್ಲಿಲ್ಲ.”

ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಡೈರಿಯಲ್ಲಿ ಬರೆದುಕೊಂಡಿದ್ದಳು. ಬೆಳಿಗ್ಗೆ ಮರೆತರೆ ಮಧ್ಯಾಹ್ನ ನುಂಗಬಾರದು, ರಾತ್ರಿಯ ನಿದ್ದೆ ಕೆಡುತ್ತದೆ. ಸಾಲಲಿಲ್ಲವೆಂದು ಇನ್ನೊಂದು ಸೇರಿಸಬಾರದು. ಯಾರಿಗೂ ಕೊಡಬಾರದು. ಕಾರು ಓಡಿಸಬಾರದು. ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ಆ ದಿನವೇ ಬರಬೇಕು. ಮಗು ಬೇಕೆನಿಸಿದರೆ ಮೊದಲು ತಿಳಿಸಬೇಕು. ಯಾವ ಡಾಕ್ಟರ ಬಳಿ ಹೋದರೂ ಈ ಪುಸ್ತಕ ತೋರಿಸಬೇಕು. ಎಲ್ಲವನ್ನೂ ಪಾಲಿಸಿದಳು, ಕೊನೆಯದೊಂದನ್ನು ಬಿಟ್ಟು.

ಅದಕ್ಕೆ ಕಾರಣ ಅತ್ತೆ ತೋಮಿಯೆ. ಮದುವೆಯಾದ ಮೊದಲ ವರ್ಷ ಮೂಲಂಗಿ ಹೆಚ್ಚುತ್ತಾ ಆಕೆ ಪಕ್ಕದ ಮನೆಯ ಸುದ್ದಿ ಎತ್ತಿದ್ದರು.

“ಆ ಮನೆ ಸೊಸೆ ತಲೆಗೆ ಮಾತ್ರೆ ತಗೊಳ್ತಾಳಂತೆ ಕಣೇ. ಅಂಥವಳ ಕೈಗೆ ಮಕ್ಕಳನ್ನ ಹೇಗೆ ಕೊಡ್ತಾರೋ!”

ಚಿಜುರು ಮೂಲಂಗಿಯ ಸಿಪ್ಪೆ ಎತ್ತಿದಳು. ಅಂದು ಸಂಜೆ ಕೋಹೆಯಿ, “ಅಮ್ಮಂಗೆ ಹೇಳೋದು ಬೇಡ ಬಿಡು. ಒಂದಕ್ಕೆ ಹತ್ತು ಮಾಡ್ತಾಳೆ” ಎಂದ. ಮರುವಾರವೇ ಹಸಿರು ಪುಸ್ತಕ ಹುಟ್ಟಿತು.

ಮಗಳು ಫುಕಿ ಹೊಟ್ಟೆಯಲ್ಲಿದ್ದಾಗ ಡಾಕ್ಟರಿಗೆ ತಿಳಿಸಿಯೇ ಮಾತ್ರೆ ಬಿಟ್ಟಿದ್ದಳು. ಹಾಲು ಬಿಡಿಸುವ ತನಕವೂ ಬಿಟ್ಟಿದ್ದಳು. ಆ ದಿನಗಳಲ್ಲೇ ಅದು ನಡೆದದ್ದು. ಮಗುವಿಗೆ ನಾಲ್ಕು ತಿಂಗಳು. ಆ ಊರಿನ ಎಲ್ಲ ತಾಯಂದಿರಂತೆ ಅವಳೂ ಮಗುವನ್ನೆತ್ತಿಕೊಂಡು ಬಿಸಿನೀರಿನ ತೊಟ್ಟಿಗೆ ಇಳಿದಿದ್ದಳು. ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಕೋಹೆಯಿ ಬಟ್ಟೆ ಸಮೇತ ನೀರಿನಲ್ಲಿ ನಿಂತಿದ್ದ, ಮಗು ಅವನ ಕೈಯಲ್ಲಿ ಕೆಮ್ಮುತ್ತಿತ್ತು. ಅತ್ತೆಗೆ, ಕಾಲು ಜಾರಿತು ಎಂದರು.

ಇನ್ನೊಂದು ಮಗು ಬೇಡವೆಂದು ಗಂಡ ಹೆಂಡತಿ ಆ ವಾರವೇ ತೀರ್ಮಾನಿಸಿದರು. ಹಾಲು ಬಿಡಿಸಿದ ಮೇಲೆ ಮಾತ್ರೆ ಮತ್ತೆ ಶುರುವಾಯಿತು. ಅದರೊಂದಿಗೆ ಸ್ನಾನವೂ ಅವಳ ಕೈಗೆ ಮರಳಿತು. ಎರಡು ವರ್ಷ, ದಿನವೂ ಸಂಜೆ ಐದಕ್ಕೆ ತಾಯಿ ಮಗಳು ತೊಟ್ಟಿಯಲ್ಲಿ ಭುಜದವರೆಗೆ ಮುಳುಗಿ ಹತ್ತರವರೆಗೆ ಎಣಿಸಿ ಮೇಲೆ ಬರುತ್ತಿದ್ದರು. ಫುಕಿ ಏಳನ್ನು ಹಾರಿಸುತ್ತಿದ್ದಳು. ಹಾರಿಸಿ, ತಾಯಿಯ ಮುಖ ನೋಡಿ ಕಿಸಕ್ಕನೆ ನಗುತ್ತಿದ್ದಳು. ಚಿಜುರು ತೊಟ್ಟಿಯ ಅಂಚನ್ನು ಹಿಡಿದುಕೊಂಡೇ ನಗುವುದನ್ನು ಕಲಿತಿದ್ದಳು. ಅವಳ ಬದುಕಿನಲ್ಲಿ ಬೇರೆ ಏನು ಹೋದರೂ ಹೋಗಲಿ, ಆ ಹತ್ತು ಎಣಿಕೆ ಇದ್ದರೆ ಸಾಕಿತ್ತು.

ಮುಟ್ಟಿನ ನೋವು ಮತ್ತೆ ಕಾಡಿದಾಗ ಊರಿನ ಹೆಂಗಸರ ಆಸ್ಪತ್ರೆಗೆ ಹೋದಳು. ನೋವಿಗೂ ಆಯಿತು, ಗರ್ಭ ನಿಲ್ಲದಂತೆಯೂ ಆಯಿತು ಎಂದು ಹಾರ್ಮೋನಿನ ಮಾತ್ರೆ ಬರೆದುಕೊಟ್ಟರು. ಬೇರೆ ಔಷಧಿ ಏನಾದರೂ ಇದೆಯೇ ಎಂದು ಕೇಳಿದಾಗ ಮೊಲದ ಪುಸ್ತಕ ಮುಂದಿಟ್ಟು ‘ಇಲ್ಲ’ ಎಂದಳು. ಆ ಆಸ್ಪತ್ರೆಯ ಪಕ್ಕದ ಔಷಧಿ ಅಂಗಡಿಯವಳು ತೋಮಿಯೆಯ ಹಾಡಿನ ಕೂಟದ ಗೆಳತಿ. ಇಲ್ಲವೆನ್ನದೆ ಇನ್ನೇನು ಹೇಳಿಯಾಳು?

ಒಂದು ದಿನವೂ ತಪ್ಪದೆ ನುಂಗಿದಳು. ನುಂಗಿದ ಗುರುತಿಗೆ ಡೈರಿಯಲ್ಲಿ ದಿನಕ್ಕೆರಡು ಸೊನ್ನೆ, ಬೆಳಿಗ್ಗೆಯ ಮಾತ್ರೆಗೊಂದು, ಮಲಗುವಾಗಿನದಕ್ಕೊಂದು.

ಅಕ್ಟೋಬರಿನ ಒಂದು ಬೆಳಿಗ್ಗೆ ಅನ್ನ ಬೇಯುವ ವಾಸನೆಗೆ ಅವಳ ಹೊಟ್ಟೆ ತೊಳಸಿತು. ಫ್ಯಾಕ್ಟರಿಯಲ್ಲಿ ಚಕ್ರದ ಮುಂದೆ ಕೂತರೆ ಪಾಲಿಶ್ ಮೇಣದ ವಾಸನೆಗೂ ಅದೇ. ಎರಡು ಸಲ ಎದ್ದು ಹೋದಳು. ಪಕ್ಕದ ಚಕ್ರದ ಸೆತ್ಸುಕೊ, ಮೂವತ್ತು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತ ಹೆಂಗಸು, ಕಣ್ಣೆತ್ತದೆ ಹೇಳಿದಳು:

“ಏನೇ ಚಿಜುರು-ಚಾನ್, ನಿಂಬೆಹಣ್ಣು ತಂದ್ಕೊಡ್ಲಾ?”

“ಹೋಗಿ ಸೆತ್ಸುಕೊ-ಸಾನ್. ನಿನ್ನೆ ತಿಂದ ಮೀನು ಸರಿ ಇರ್ಲಿಲ್ಲ.”

“ನನ್ನ ಮೂರು ಮೀನೂ ಈಗ ಮದುವೆಯಾಗಿ ಮಕ್ಕಳು ಹಡೆದಿವೆ” ಎಂದು ಸೆತ್ಸುಕೊ ಖೊಕ್ಕನೆ ನಕ್ಕಳು.

ಚಿಜುರು ನಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಯಿಂದ ಪರೀಕ್ಷೆಯ ಕಡ್ಡಿ ತಂದಳು. ಎರಡು ಗೆರೆ ಮೂಡಲು ಒಂದು ನಿಮಿಷವೂ ಹಿಡಿಯಲಿಲ್ಲ.

ಮರುದಿನ ರಜೆ ಹಾಕಿ ಹೆಂಗಸರ ಆಸ್ಪತ್ರೆಗೆ ಹೋದಳು. ಹಾರ್ಮೋನಿನ ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರು ಉರಾತಾನಿ ಎಂಬಾಕೆ, ಐವತ್ತು ದಾಟಿದವರು, ಮೆತ್ತಗಿನ ಮಾತು. ಸ್ಕ್ಯಾನಿನ ಪರದೆಯ ಮೇಲೆ ಹುರುಳಿಕಾಳಿನಂಥದ್ದೊಂದು ಮಿಡಿಯುತ್ತಿತ್ತು.

“ಒಂಬತ್ತು ವಾರ. ಮಾತ್ರೆ ತಪ್ಪಿಸಿದ್ರಾ?”

“ಒಂದಿನಾನೂ ಇಲ್ಲ.”

“ವಾಂತಿ, ಭೇದಿ ಏನಾದ್ರೂ ಆಗಿತ್ತಾ? ಬೇರೆ ಔಷಧಿ?”

ಚಿಜುರು ಚೀಲದ ಬಾಯಿ ತೆರೆದಳು. ಹಿಂದಿನ ಸಂಜೆ ಫ್ಯಾಕ್ಟರಿಯ ಬೀರುವಿನಿಂದ ಹಸಿರು ಪುಸ್ತಕವನ್ನು ಯಾಕೆ ತೆಗೆದುಕೊಂಡಳೋ ಅವಳಿಗೇ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು. ಮೇಜಿನ ಮೇಲೆ ಮೊಲದ ಪಕ್ಕ ಇಟ್ಟಳು.

ಉರಾತಾನಿ ಎರಡನ್ನೂ ತೆರೆದು ತಿಂಗಳಿಗೆ ತಿಂಗಳು ಹೊಂದಿಸಿ ನೋಡಿದರು.

“ಈ ನಿದ್ದೆ ತಡೆಯೋ ಮಾತ್ರೆ ಇದ್ಯಲ್ಲ, ಇದು ನಾನು ಕೊಟ್ಟ ಮಾತ್ರೇನ ಮೈಯೊಳಗೆ ಬೇಗ ಕರಗಿಸಿ ಹಾಕ್ಬಿಡುತ್ತೆ. ಗರ್ಭ ತಡೆಯೋಕೆ ಅದನ್ನೊಂದನ್ನೇ ನಂಬೋ ಹಾಗಿಲ್ಲ. ಇದನ್ನ ನಿಲ್ಲಿಸಿದ ಮೇಲೂ ಒಂದೆರಡು ತಿಂಗಳು ನಂಬೋ ಹಾಗಿಲ್ಲ. ಇದು ಗೊತ್ತಿದ್ದಿದ್ರೆ ಬೇರೆ ದಾರಿ ಹೇಳ್ತಿದ್ದೆ.” ಆಮೇಲೆ, ಗದರುವ ದನಿಯೇ ಅಲ್ಲದೆ, “ನಿಮ್ಮ ನಿದ್ದೆ ಡಾಕ್ಟರು ಅದನ್ನ ಓದಿದ್ರು, ನಾನು ಇದನ್ನ ಓದ್ದೆ. ಎರಡನ್ನೂ ಓದಿದವರು ಯಾರೂ ಇಲ್ಲ” ಎಂದರು.

ಎರಡನ್ನೂ ಓದಿದವಳು ಒಬ್ಬಳಿದ್ದಳು. ಅವಳಿಗೆ ಓದಲು ಬಂತು, ಅರ್ಥ ಮಾಡಿಕೊಳ್ಳಲು ಬರಲಿಲ್ಲ.

“ಮಗೂಗೆ?” ಎಂದಳು.

“ಕೆಲವು ಅಧ್ಯಯನದಲ್ಲಿ, ಈ ಮಾತ್ರೆ ತಗೊಂಡ ತಾಯಂದಿರ ಮಕ್ಕಳಲ್ಲಿ ಹುಟ್ಟು ದೋಷ ಸ್ವಲ್ಪ ಜಾಸ್ತಿ ಕಂಡಿದೆ. ಹಾಗೇ ಆಗುತ್ತೆ ಅಂತಲ್ಲ. ಆಗಲ್ಲ ಅಂತ ಮಾತು ಕೊಡೋಕೂ ನನ್ನಿಂದಾಗಲ್ಲ. ಇಪ್ಪತ್ತು ವಾರದ ಸ್ಕ್ಯಾನಲ್ಲಿ ಕೆಲವೆಲ್ಲ ಕಾಣುತ್ತೆ. ಎಲ್ಲಾನೂ ಕಾಣಲ್ಲ.”

ಅಲ್ಲಿಂದಲೇ ನಿದ್ದೆ ಡಾಕ್ಟರಿಗೆ ಫೋನು ಹೋಯಿತು. ನಾಳೆಯಿಂದ ಮಾತ್ರೆ ಬೇಡ, ಈ ವಾರವೇ ಬನ್ನಿ ಎಂದರು. ಕೊನೆಗೆ ಇನ್ನೊಂದು ಮಾತು ಸೇರಿಸಿದರು: ಮಗುವಿನೊಡನೆ ಒಬ್ಬರೇ ಇರಬೇಡಿ, ನೀರಿನ ಹತ್ತಿರವಂತೂ ಬೇಡವೇ ಬೇಡ.

ಸಂಜೆ ಕಾರಿನಲ್ಲಿ ಕೋಹೆಯಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಟ್ಟ.

“ಹೇಳ್ಬೇಡ ಅಂದವನು ನಾನೇ.”

“ಹ್ಞೂಂ ಅಂದವಳು ನಾನು.”

“ಇಟ್ಕೊಳ್ಳೋದಾ?”

“ಅದು ಮಿಡೀತಾ ಇದೆ, ಕೋಹೆಯಿ” ಎಂದಳು. ಅವನು ತಲೆಯೆತ್ತಿ ಕೀಲಿ ತಿರುವಿದ. ಕಾರು ಹೊರಟು ಮೂರು ಸಿಗ್ನಲ್ ದಾಟಿದ ಮೇಲೆ ಅವಳೇ ಹೇಳಿದಳು: “ನೀನು ಬರೋದು ಏಳಕ್ಕೆ. ನಾಲ್ಕಕ್ಕೆ ಫುಕಿ ಶಿಶುವಿಹಾರದಿಂದ ಬಂದಿರ್ತಾಳೆ. ಆ ಮೂರು ಗಂಟೆ ಅಮ್ಮನೇ ನೋಡ್ಕೋಬೇಕು. ಈಗ ಹೇಳ್ದೆ ಆಗಲ್ಲ.”

ಹೇಳಿದ್ದು ಅಡುಗೆಮನೆಯಲ್ಲಿ. ತೋಮಿಯೆ ಒಗೆದ ಬಟ್ಟೆ ಮಡಚುತ್ತಿದ್ದರು. ಚಿಜುರು ನೆಲದ ಮೇಲೆ ಮಂಡಿಯೂರಿ, ಎರಡು ಪುಸ್ತಕಗಳನ್ನೂ ಮುಂದಿಟ್ಟು, ಚಕ್ರಕ್ಕೆ ಸಿಕ್ಕ ಬೆರಳಿನಿಂದ ಹಿಡಿದು ಹುರುಳಿಕಾಳಿನವರೆಗೆ ಎಲ್ಲವನ್ನೂ ಹೇಳಿದಳು. ತೊಟ್ಟಿಯದನ್ನೂ. ತೋಮಿಯೆಯ ಕೈ ಒಂದು ಪುಟ್ಟ ಕಾಲುಚೀಲದ ಮೇಲೆ ನಿಂತುಬಿಟ್ಟಿತು.

“ಕಾಲು ಜಾರ್ತು ಅಂದ್ರಿ.”

“ಹೌದು ಅಮ್ಮಾ.”

“ಐದು ವರ್ಷ. ಒಂದೇ ಸೂರಿನ ಕೆಳಗೆ, ಒಂದೇ ಪಾತ್ರೆ ಅನ್ನ ತಿಂದ್ಕೊಂಡು.” ಆಕೆ ಮಗನತ್ತ ತಿರುಗಿದರು. “ನೀನೂ ಕಣೋ! ನಿನ್ನ ಹೆತ್ತವಳು ಅಷ್ಟು ಕೆಟ್ಟವಳಾ?”

ಚಿಜುರು ಮೆಲ್ಲಗೆ, “ಪಕ್ಕದ ಮನೆಯವಳ ವಿಷಯ ಹೇಳಿದ್ರಲ್ಲ ಅಮ್ಮಾ, ಅಂಥವಳ ಕೈಗೆ ಮಕ್ಕಳನ್ನ ಹೇಗೆ ಕೊಡ್ತಾರೋ ಅಂತ…” ಎಂದಳು.

“ಹಾಗಂದಿದ್ನಾ?” ತೋಮಿಯೆಗೆ ನಿಜಕ್ಕೂ ನೆನಪಿರಲಿಲ್ಲ. ಮೂಲಂಗಿ ಹೆಚ್ಚುತ್ತಾ ಆಡಿದ ಮಾತು, ಯಾರು ನೆನಪಿಟ್ಟುಕೊಳ್ಳುತ್ತಾರೆ? ಕಾಲುಚೀಲವನ್ನು ಜೊತೆ ಮಾಡಿ, ಸುತ್ತಿ, ರಾಶಿಯ ಮೇಲಿಟ್ಟರು. “ಅಂದಿದ್ರೂ ಅಂದಿರ್ಬೋದು. ಈಗ ಕೇಳಿದ್ರೂ ಅದನ್ನೇ ಹೇಳ್ತೀನಿ. ನಾಳೆಯಿಂದ ಮಗೂ ಸ್ನಾನ ನಂದು.”

ಬೈಗುಳವೂ ಇಲ್ಲ, ಕಣ್ಣೀರೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಚಿಜುರುವಿಗೆ.

ಮಾತ್ರೆ ನಿಲ್ಲಿಸಿದ ಮೂರನೇ ದಿನಕ್ಕೆ ಹಳೆಯ ಮಂಜು ಮತ್ತೆ ಬಂದು ಕವಿಯಿತು. ಫ್ಯಾಕ್ಟರಿಯವರು ಚಕ್ರದಿಂದ ಎಬ್ಬಿಸಿ ಡಬ್ಬಿ ಮಡಚುವ ಮೇಜಿಗೆ ಹಾಕಿದರು. ಡಬ್ಬಿಯ ಮೇಲೂ ಮಲಗಿದಳು. “ಏನೇ ಇದು, ಕನ್ನಡಕ ಮಾಡೋಳಿಗೇ ಕಣ್ಣು ಬಿಡೋಕಾಗಲ್ವಾ?” ಎಂದು ಸೆತ್ಸುಕೊ ಚೇಷ್ಟೆ ಮಾಡಿದಳು. ನಗು ಉಕ್ಕಿದ್ದೇ ತಡ ಚಿಜುರುವಿನ ಮೊಣಕಾಲು ಕಳಚಿತು. ಹೊಟ್ಟೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡೇ ನೆಲಕ್ಕಿಳಿದಳು. ಸೆತ್ಸುಕೊ ಹೆದರಿ ಅತ್ತುಬಿಟ್ಟಳು. ಹೆರಿಗೆಯ ತನಕ ಮನೆಯಲ್ಲೇ ಇರಿ ಎಂದು ಫ್ಯಾಕ್ಟರಿಯ ಯಜಮಾನರು ಕೈಮುಗಿಯುವಂತೆ ಹೇಳಿದರು. ಅಮ್ಮ ನಕ್ಕರೆ ಬೀಳುತ್ತಾಳೆಂದು ಫುಕಿಗೂ ಗೊತ್ತಾಗಿತ್ತು. ತಾಯಿಯ ಹತ್ತಿರ ಬರುವಾಗ ಮುಖ ಗಂಟು ಹಾಕಿಕೊಂಡು, “ಅಮ್ಮಾ, ನಾನು ನಗ್ಸಲ್ಲ” ಎಂದು ಮೊದಲೇ ಹೇಳುತ್ತಿದ್ದಳು.

ಹಸಿರು ಪುಸ್ತಕದ ಚೀಟಿಗಳನ್ನು ಚಿಜುರು ಒಂದೊಂದಾಗಿ ಬಿಡಿಸಿ, ದಿನಾಂಕದ ಸಾಲಿಗೆ ಹೊಂದಿಸಿ ಮೊಲದ ಪುಸ್ತಕಕ್ಕೆ ಅಂಟಿಸಿದಳು. ಅಂಟಿಸುತ್ತಲೇ ಎರಡು ಸಲ ನಿದ್ದೆ ಹೋದಳು. ಮೊದಲ ಪುಟದಲ್ಲಿ ಕಾಯಿಲೆಗಳ ಹೆಸರು ಬರೆಯಲು ಒಂದು ಜಾಗವಿದೆ. ಐದು ವರ್ಷದಿಂದ ಖಾಲಿ ಇದ್ದ ಆ ಜಾಗದಲ್ಲಿ ನಾರ್ಕೊಲೆಪ್ಸಿ ಎಂದು ದಪ್ಪಗೆ ಬರೆದಳು. ಬರೆದು ಈಗ ಯಾರಿಗೇನು ಉಪಯೋಗ ಎಂಬುದು ಬೇರೆ ಮಾತು. ಇನ್ನು ಮುಂದೆ ಯಾವ ಡಾಕ್ಟರ ಎದುರಿಗೂ ಎರಡು ಪುಸ್ತಕ ಇರುವುದಿಲ್ಲ.

ಇಪ್ಪತ್ತು ವಾರದ ಸ್ಕ್ಯಾನಿಗೆ ಇನ್ನೂ ಹದಿನೇಳು ದಿನವಿದೆ. ತೋಮಿಯೆ ಅವಳ ಊಟದ ಹೊತ್ತಿಗೆ ಅನ್ನ ಬಡಿಸುತ್ತಾರೆ, ಎದುರಿಗೇ ಕೂತು ಕೊನೆಯ ತುತ್ತಿನವರೆಗೂ ನೋಡುತ್ತಾರೆ. ಹೊಟ್ಟೆಯ ಮಗುವಿನ ಸುದ್ದಿ ಮಾತ್ರ ಎತ್ತುವುದಿಲ್ಲ.

ಸಂಜೆ ಐದಕ್ಕೆ ಬಚ್ಚಲುಮನೆಯ ಬಾಗಿಲು ಮುಚ್ಚುತ್ತದೆ. ಚಿಜುರು ಹೊರಗಿನ ಮಣೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಮಗಳ ಟವೆಲ್ ಹರಡಿಕೊಂಡು ಕೂರುತ್ತಾಳೆ. ಏಳನ್ನು ಹಾರಿಸುವುದನ್ನು ಕೇಳಬೇಕು. ಅಷ್ಟೇ, ಇನ್ನೇನೂ ಬೇಡ. ತೊಡೆ ಚಿವುಟಿಕೊಳ್ಳುತ್ತಾಳೆ, ಕೆಳತುಟಿ ಕಚ್ಚಿಕೊಳ್ಳುತ್ತಾಳೆ. ಒಳಗೆ ನೀರು ತುಳುಕುತ್ತದೆ. “ಒಂದೂ,” ಎನ್ನುತ್ತದೆ ಪುಟ್ಟ ದನಿ. “ಎರಡೂ.” ಅಜ್ಜಿಯ ದನಿಯೂ ಸೇರುತ್ತದೆ. “ಮೂರೂ. ನಾಲ್ಕೂ.”

ಕಣ್ಣು ಬಿಟ್ಟಾಗ ಬಚ್ಚಲುಮನೆಯ ದೀಪ ಆರಿರುತ್ತದೆ. ತೊಡೆಯ ಮೇಲೆ ಟವೆಲ್ ಇಲ್ಲ. ಎದುರಿಗೆ ಫುಕಿ ಪೈಜಾಮಾ ತೊಟ್ಟು, ತಲೆ ಬಾಚಿಸಿಕೊಂಡು, ಒಣಗಿ ಬೆಚ್ಚಗಾಗಿ ನಿಂತಿದ್ದಾಳೆ.

“ಅಮ್ಮಾ, ಇವತ್ತು ಏಳು ಹೇಳ್ದೆ” ಎನ್ನುತ್ತಾಳೆ. “ಅಜ್ಜಿ ಹೇಳ್ಕೊಟ್ರು.”